ಗುಂಡಿ ತುಂಬಿದ ಮೇಲೆ?

ನೀನು ಕಳಿಸಿದ ಕೊಟೇಶನ್ ನೋಡಿದೆ ಕಣಮ್ಮ. ಅಳತೆ ಸರಿಯಾಗಿದೆ, ರೇಟೂ ಹೆಚ್ಚೇನಿಲ್ಲ. ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಗುಂಡಿ ಒಂದು; ಸಿಮೆಂಟ್ ರಿಂಗು, ಸುತ್ತ ಜಲ್ಲಿ, ಮೇಲೆ ಚಪ್ಪಡಿ. ಗೇಟಿನ ಹತ್ತಿರ ಜಾಲರಿ ಹಾಕಿದ ಚೇಂಬರ್ ಒಂದು. ತಾರಸಿಯಿಂದ ಇಳಿಯುವ ಪೈಪು ಇಷ್ಟು ಅಡಿ, ಬೆಂಡು ಇಷ್ಟು. ಎಲ್ಲ ಬರೆದಿದ್ದೀಯ. ಆ ಗುಂಡಿ ತುಂಬಿದ ಮೇಲೆ ನೀರು ಯಾವ ಕಡೆ ಹೋಗುತ್ತೆ ಅನ್ನೋದು ಮಾತ್ರ ಎಲ್ಲೂ ಇಲ್ಲ. ಮಾಲೀಕರು ಅದನ್ನು ಕೇಳುವುದಿಲ್ಲ, ಮೇಸ್ತ್ರಿ ಹೇಳುವುದಿಲ್ಲ. ಡಿಪ್ಲೊಮಾದಲ್ಲಿ ನಿನಗೆ ಪಾಠ ಮಾಡಿರುತ್ತಾರೆ, ಆದರೆ ಸೈಟಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಅಗೆಯುವ ಆತುರಕ್ಕೆ ಬಿದ್ದು ಅದನ್ನು ಮರೆಯುತ್ತಾರೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. ಆ ಒಂದು ಸೈಟಿನ ಮೇಲೇ ವರ್ಷಕ್ಕೆ ಲಕ್ಷ ಲೀಟರಿಗೂ ಮೇಲೆ ಬೀಳುತ್ತೆ. ಈ ಅಂಕಿ ಕೇಳಿ ಮಾಲೀಕರ ಕಣ್ಣು ಅರಳುತ್ತೆ, ಟ್ಯಾಂಕರ್ ದುಡ್ಡು ಉಳಿಯಿತು ಅಂದುಕೊಳ್ಳುತ್ತಾರೆ. ಆದರೆ ನೀನು ನೋಡಬೇಕಾದ್ದು ವರ್ಷದ ಅಂಕಿಯನ್ನಲ್ಲ, ಗಂಟೆಯ ಅಂಕಿಯನ್ನು. ಗಂಟೆಗೆ 60 ಮಿಲಿಮೀಟರ್ ರಭಸದಲ್ಲಿ ಸುರಿದರೆ 100 ಚದರ ಮೀಟರ್ ತಾರಸಿಯಿಂದ ನಿಮಿಷಕ್ಕೆ 100 ಲೀಟರ್ ಇಳಿಯುತ್ತೆ. ನಿನ್ನ ಮೂರಡಿ–ಇಪ್ಪತ್ತಡಿ ಗುಂಡಿ ಖಾಲಿ ಇದ್ದರೆ ಹಿಡಿಯುವುದು 4,000 ಲೀಟರ್. ಇಂಗುವುದನ್ನು ಬಿಟ್ಟು ನೋಡಿದರೆ ನಲವತ್ತು ನಿಮಿಷಕ್ಕೆ ಭರ್ತಿ. ಅದರೊಳಗೆ ಬಾಯಿತನಕ ಜಲ್ಲಿ ತುಂಬಿದರೆ ಕಲ್ಲುಗಳ ನಡುವಿನ ಸಂದಿಯಲ್ಲಿ ನಿಲ್ಲುವುದು ಸಾವಿರದ ಐನೂರು ಲೀಟರ್ ಚಿಲ್ಲರೆ, ಅಷ್ಟೇ. ಹದಿನೈದು ನಿಮಿಷದ ಮಾತು.

ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದರು. ಹೊಸ ಕಟ್ಟಡವಾದರೆ 1,200 ಚದರಡಿ ನಿವೇಶನದಿಂದಲೇ. ಆಗ ತಾರಸಿಯ ಪ್ರತಿ ಚದರ ಮೀಟರಿಗೆ 20 ಲೀಟರ್, ಕಲ್ಲು–ಟೈಲ್ಸ್ ಹಾಸಿದ ಜಾಗಕ್ಕೆ 10 ಲೀಟರ್ ಅಂತ ಇತ್ತು. ಆಮೇಲೆ ಅದನ್ನು 60 ಮತ್ತು 30ಕ್ಕೆ ಏರಿಸಿದರು. 60 ಲೀಟರ್ ಅಂದರೆ 60 ಮಿಲಿಮೀಟರ್ ಮಳೆ ಅಂತ ಅರ್ಥ. 2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಲ್ಲ, ಹೊರವರ್ತುಲ ರಸ್ತೆಯಲ್ಲಿ ಸಾಫ್ಟ್‌ವೇರ್‌ನವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದು? ಆಗ ಒಂದೇ ದಿನದಲ್ಲಿ 130 ಮಿಲಿಮೀಟರ್ ಹತ್ತಿರ ಬಿತ್ತು. ಅಂದರೆ, ಇಂಗಿದ್ದನ್ನು ಬಿಟ್ಟು ನೋಡಿದರೆ, ಕಾಯ್ದೆ ಹೇಳಿದಷ್ಟೂ ಅಚ್ಚುಕಟ್ಟಾಗಿ ಮಾಡಿದ ಮನೆಯಲ್ಲೂ ಅರ್ಧಕ್ಕಿಂತ ಹೆಚ್ಚು ನೀರು ಗುಂಡಿಯಿಂದ ಉಕ್ಕಬೇಕಿತ್ತು. ಉಕ್ಕುವುದು ತಪ್ಪಲ್ಲ. ಉಕ್ಕಿದ ನೀರು ವರಾಂಡಕ್ಕೋ, ಸಂಪಿಗೋ, ಪಕ್ಕದ ಮನೆಯವರ ಅಡಿಪಾಯಕ್ಕೋ ಹೋದರೆ ತಪ್ಪು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಇಂಗುಬಾವಿಗಳಿಗೆ ಹೆಸರಾದದ್ದು, ಊರೂರಿಂದ ಜನ ನೋಡಲು ಬರುತ್ತಿದ್ದರು. ಅದೂ ಆ ವರ್ಷ ಮುಳುಗಿತು. ಬಾವಿಗಳಲ್ಲಿ ಐಬಿರಲಿಲ್ಲ, ತಗ್ಗಿನ ಜಾಗಕ್ಕೆ ಮೇಲಿನ ಊರಿನ ನೀರೆಲ್ಲ ನುಗ್ಗಿದಾಗ ಯಾವ ಬಾವಿಯೂ ಏನೂ ಮಾಡಲಾರದು. ಇದನ್ನು ಮಾಲೀಕರಿಗೆ ಮೊದಲೇ ಹೇಳು. ಇಂಗುಗುಂಡಿ ಹಾಕಿಸಿದರೆ ಪ್ರವಾಹ ಬರುವುದಿಲ್ಲ ಅಂತ ಹೇಳಿ ಕೆಲಸ ಹಿಡಿಯುವವರು ಊರ ತುಂಬ ಇದ್ದಾರೆ, ಅವರ ಸಾಲಿಗೆ ಸೇರಬೇಡ.

ಹಾಗಾಗಿ ಸೈಟಿಗೆ ಹೋದ ಮೊದಲ ದಿನ ಟೇಪು ಹೊರಗೆ ತೆಗೆಯಬೇಡ. ರಸ್ತೆಯಲ್ಲಿ ನಿಲ್ಲು. ಬೆಂಗಳೂರು ದಿಬ್ಬದ ಮೇಲಿನ ಊರು, ಕಡಲಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ನೀರು ಇಲ್ಲಿಗೆ ಹೊರಗಿಂದ ಬರುವುದಿಲ್ಲ, ಇಲ್ಲಿಂದ ಇಳಿದು ಹೋಗುತ್ತೆ. ಹೆಬ್ಬಾಳ ಕಣಿವೆ, ಕೋರಮಂಗಲ–ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ ಅಂತ ಮೂರು ದೊಡ್ಡ ದಾರಿ. ಮೊದಲೆರಡು ದಕ್ಷಿಣ ಪಿನಾಕಿನಿಗೆ, ಮೂರನೆಯದು ಅರ್ಕಾವತಿ ಸೇರಿ ಕಾವೇರಿಗೆ. ನೀನು ನಿಂತ ರಸ್ತೆಯ ನೀರು ಇವುಗಳಲ್ಲಿ ಯಾವುದಕ್ಕೆ ಹೋಗುತ್ತೆ, ಹತ್ತಿರದ ರಾಜಕಾಲುವೆ ಎಲ್ಲಿದೆ, ಅದಕ್ಕೆ ಸೇರುವ ಮೋರಿ ಬಾಯಿ ತೆರೆದಿದೆಯೋ ಮುಚ್ಚಿದೆಯೋ ನೋಡಿಕೊಂಡು ಬಾ. ಬೀದಿ ಕೊನೆಯ ಅಂಗಡಿಯವರನ್ನೋ, ಇಸ್ತ್ರಿ ಗಾಡಿಯವರನ್ನೋ ಕೇಳು: ಜೋರು ಮಳೆ ಬಂದರೆ ಇಲ್ಲಿ ನೀರು ಎಲ್ಲಿ ನಿಲ್ಲುತ್ತೆ ಅಂತ. ಮನೆ ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತೆ.

ಇನ್ನೊಂದು ವಿಷಯ, ಹಳೇ ಬಡಾವಣೆಗಳಲ್ಲಿ ಜೋಪಾನ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ, ಮನೆಗಳು ತಗ್ಗಿಗೆ ಬಿದ್ದಿವೆ. ಅಂಥ ಕಡೆ ನೀನು ಗುಂಡಿಯಿಂದ ಬೀದಿ ಚರಂಡಿಗೆ ಉಕ್ಕುಪೈಪು ಕೊಟ್ಟೆ ಅಂದುಕೋ. ಚರಂಡಿ ತುಂಬಿದಾಗ ಅದೇ ಪೈಪಿನಲ್ಲಿ ಬೀದಿಯ ಕೊಳಕೆಲ್ಲ ನಿನ್ನ ಇಂಗುಗುಂಡಿಗೆ ವಾಪಸು ಬರುತ್ತೆ. ಅದಕ್ಕೇ ನೀರುಮಟ್ಟದ ಟ್ಯೂಬು ಹಿಡಿದು ರಸ್ತೆ, ಚರಂಡಿಯ ತಳ, ಗುಂಡಿಯ ಬಾಯಿ ಮೂರನ್ನೂ ಅಳೆ. ಉಕ್ಕುಪೈಪು ಚರಂಡಿಯ ತುಂಬುಮಟ್ಟಕ್ಕಿಂತ ಮೇಲೆ ಬೀಳಬೇಕು. ಆಗುವುದಿಲ್ಲ ಅಂದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವು ಹಾಕಲೇಬೇಕು, ಅದನ್ನು ಮಾಲೀಕರಿಗೆ ತೋರಿಸಿಕೊಡಬೇಕು.

ಮಳೆನೀರನ್ನು ಯುಜಿಡಿ (ಒಳಚರಂಡಿ) ಚೇಂಬರಿಗೆ ಬಿಡುವ ಕೆಟ್ಟ ಚಾಳಿ ಇದೆಯಲ್ಲ, ಅದನ್ನು ಯಾರು ಹೇಳಿದರೂ ಮಾಡಬೇಡ. ಪ್ಲಂಬರ್‌ಗಳಿಗೆ ಅದು ಬಲು ಸುಲಭ, ಕೈಗೆ ಸಿಕ್ಕ ಚೇಂಬರಿಗೆ ಪೈಪು ತಿರುಗಿಸಿದರೆ ಆಯಿತು. ನಮ್ಮಲ್ಲಿ ಕಕ್ಕಸಿನ ನೀರಿಗೆ ಒಂದು ಜಾಲ, ಮಳೆನೀರಿಗೆ ಇನ್ನೊಂದು. ಯುಜಿಡಿ ಪೈಪನ್ನು ಮನೆಯವರು ಬಳಸಿ ಬಿಟ್ಟ ನೀರಿನ ಲೆಕ್ಕಕ್ಕೆ ಹಾಕಿರುತ್ತಾರೆ; ಬೀದಿಯ ಮೂವತ್ತು ತಾರಸಿಗಳ ನೀರನ್ನೂ ಅದಕ್ಕೇ ನುಗ್ಗಿಸಿದರೆ ತಗ್ಗಿನಲ್ಲಿರುವ ಬಡವರ ಮನೆಯ ಬಚ್ಚಲಲ್ಲಿ ಅದು ಮೇಲೆ ಬರುತ್ತೆ. ಮಳೆ ಬಂದಾಗ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕುಣಿಯುವುದಕ್ಕೆ ಇದೊಂದು ದೊಡ್ಡ ಕಾರಣ. ಇದರ ಉಲ್ಟಾನೂ ಅಷ್ಟೇ ಕೆಟ್ಟದ್ದು. ಬಟ್ಟೆ ಒಗೆಯುವ ಕಲ್ಲಿನ ನೀರು, ಹಿತ್ತಲ ಪಾತ್ರೆ ತೊಳೆಯುವ ನೀರು ಇಂಗುಗುಂಡಿಗೆ ಇಳಿದರೆ ಆ ಬೀದಿಯ ಬೋರ್‌ವೆಲ್‌ಗಳಿಗೆಲ್ಲ ಸಾಬೂನು ಕುಡಿಸಿದ ಹಾಗೆ.

ಈಗ ಹೂಳಿನ ವಿಷಯಕ್ಕೆ ಬರುತ್ತೇನೆ. ನನ್ನ ಕಣ್ಣೆದುರು ಸತ್ತ ಇಂಗುಗುಂಡಿಗಳೆಲ್ಲ ಹೂಳಿನಿಂದಲೇ ಸತ್ತಿದ್ದು, ಒಂದೂ ವಯಸ್ಸಾಗಿ ಸತ್ತಿಲ್ಲ. ಮೇಲಿಂದ ಕೆಳಗೆ ಜಲ್ಲಿ, ಇದ್ದಿಲು, ಮರಳು ತುಂಬಿ ಮುಚ್ಚಿಬಿಟ್ಟ ಗುಂಡಿ ಮೊದಲ ಮಳೆಗಾಲ ಚೆನ್ನಾಗಿ ಕುಡಿಯುತ್ತೆ. ಎರಡನೆಯದಕ್ಕೆ ನಿಧಾನವಾಗುತ್ತೆ. ಆಮೇಲೆ ತೊಳೆಯದೆ ಬಿಟ್ಟ ಕಾಫಿ ಫಿಲ್ಟರಿನ ಹಾಗೆ, ನೀರು ಮೇಲೇ ನಿಂತಿರುತ್ತೆ. ಒಳಗಿನ ಜಲ್ಲಿಯನ್ನು ಹೊರಗೆ ತೆಗೆದು, ತೊಳೆದು, ಮತ್ತೆ ತುಂಬಬೇಕು ಅಂದರೆ ಹೊಸ ಗುಂಡಿಯಷ್ಟೇ ಖರ್ಚು, ಯಾರೂ ಮಾಡಿಸುವುದಿಲ್ಲ. ಅದಕ್ಕೆ ನನ್ನ ಮಾತು ಕೇಳುವುದಾದರೆ ಒಳಗೆ ಖಾಲಿ ಬಿಡು. ರಿಂಗುಗಳನ್ನು ಸಿಮೆಂಟ್ ಹಾಕಿ ಬೆಸೆಯದೆ ಒಂದರ ಮೇಲೊಂದು ಇಡು, ರಿಂಗಿನ ಹೊರಗೆ ಮಣ್ಣಿಗೂ ರಿಂಗಿಗೂ ನಡುವೆ ದಪ್ಪ ಜಲ್ಲಿ ಜಡಿ, ತಳದಲ್ಲಿ ಒಂದಡಿ ಜಲ್ಲಿ ಸಾಕು. ಹೂಳು ಬಿದ್ದರೆ ಒಬ್ಬ ಆಳು ಇಳಿದು ಬಾಂಡ್ಲಿಯಲ್ಲಿ ಎತ್ತಿಬಿಡಬಹುದು.

ಅದಕ್ಕೂ ಮುಂಚೆ ಹೂಳು ಗುಂಡಿಯ ತನಕ ಹೋಗದಂತೆ ತಡೆಯುವ ಚೇಂಬರ್ ಬೇಕು. ಜನ ಗುಂಡಿಗೆ ಸಾವಿರಗಟ್ಟಲೆ ಸುರಿದು ಈ ಚೇಂಬರಿನಲ್ಲಿ ಜಿಪುಣತನ ಮಾಡುತ್ತಾರೆ. ಒಳಗೆ ಎರಡಡಿ ಚೌಕಕ್ಕಿಂತ ಕಡಿಮೆ ಮಾಡಬೇಡ, ಅದಕ್ಕಿಂತ ಚಿಕ್ಕದಾದರೆ ಕೈಯೂ ಹೋಗದು, ಸಲಿಕೆಯೂ ಆಡದು. ನೀರು ಹೊರಹೋಗುವ ಪೈಪು ಚೇಂಬರಿನ ತಳದಿಂದ ಒಂದಡಿ ಮೇಲಿರಲಿ. ಮಣ್ಣು ಕೆಳಗೆ ಕೂರುತ್ತೆ, ತಿಳಿ ಮಾತ್ರ ದಾಟುತ್ತೆ. ಆ ಪೈಪಿನ ಬಾಯಿಗೆ ಕೆಳಮುಖವಾಗಿ ಒಂದು ಬೆಂಡು ಕೊಟ್ಟರೆ ತೇಲುವ ಎಲೆ, ಹಾಲಿನ ಕವರು ಒಳಗೇ ಉಳಿಯುತ್ತವೆ. ಇದು ಇಂಗುವ ಗುಂಡಿಯಲ್ಲ, ಒಳಗೆ ಗಾರೆ ಮಾಡಿಸು. ಮುಚ್ಚಳವನ್ನು ಮನೆಯ ಹೆಂಗಸರು ಒಬ್ಬರೇ ಎತ್ತುವಷ್ಟು ಹಗುರ ಮಾಡು. ಗ್ರಾನೈಟ್ ಚಪ್ಪಡಿ ಇಟ್ಟು ಅಂಚಿಗೆ ವೈಟ್ ಸಿಮೆಂಟ್ ಬಳಿದು ‘ಫಿನಿಶಿಂಗ್ ಚೆನ್ನಾಗಿದೆ’ ಅನ್ನಿಸಿಕೊಳ್ಳುವ ಮೇಸ್ತ್ರಿಗಳಿದ್ದಾರೆ. ಆ ಚೇಂಬರನ್ನು ಇನ್ನು ಯಾರೂ ತೆರೆಯುವುದಿಲ್ಲ.

ತಾರಸಿ ನೀರು ಅಂಗಳದ ನೀರಿಗಿಂತ ಶುದ್ಧ, ಎರಡನ್ನೂ ಒಂದೇ ಪೈಪಿಗೆ ಕೂಡಿಸಬೇಡ. ತಾರಸಿಯದನ್ನು ಸೋಸಿ ಮೊದಲು ಸಂಪಿಗೆ ಬಿಡು, ಸಂಪು ತುಂಬಿದ್ದು ಗುಂಡಿಗೆ, ಗುಂಡಿ ತುಂಬಿದ್ದು ಚರಂಡಿಗೆ. ಮಳೆ ಶುರುವಾದಾಗ ಬರುವ ಮೊದಲ ನೀರಿನಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ, ಅದನ್ನು ಹೊರಗೆ ಬಿಡುವ ವ್ಯವಸ್ಥೆ ಇರಲಿ. ವಿಜಯನಗರದಲ್ಲಿ ರಾಜ್ಯ ವಿಜ್ಞಾನ–ತಂತ್ರಜ್ಞಾನ ಮಂಡಳಿಯಲ್ಲಿ (ಕೆಎಸ್‌ಸಿಎಸ್‌ಟಿ) ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರ ‘ಸೌರಭ’ ಅನ್ನುವ ಮನೆ ಇದೆ, 1995ರಿಂದ ಮಳೆನೀರಿನಲ್ಲೇ ನಡೆಯುತ್ತಿರುವ ಮನೆ. ಅವರು ಮಾಡಿದ ಪಾಪ್‌ಅಪ್ ಫಿಲ್ಟರ್ ಇದಕ್ಕೇ. ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನದು. ಒಂದು ಭಾನುವಾರದ ಸಿನಿಮಾ ಬಿಟ್ಟು ಅಲ್ಲಿಗೆ ಹೋಗಿ ಬಾ. ಮಾಲೀಕರನ್ನೂ ಕರೆದುಕೊಂಡು ಹೋದರೆ ಅರ್ಧ ಮಾತು ಉಳಿಯುತ್ತೆ.

ಅಂಗಳಕ್ಕೆಲ್ಲ ಪಾರ್ಕಿಂಗ್ ಟೈಲ್ಸ್ ಹೊದಿಸಿ, ಒಂದು ಹಿಡಿ ಮಣ್ಣೂ ಕಾಣದಂತೆ ಮಾಡಿ, ಆಮೇಲೆ ನೀರು ಇಂಗಿಸಲು ಗುಂಡಿ ಬೇಕು ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತೆ. ಕಾಂಪೌಂಡ್ ಪಕ್ಕ ಎರಡಡಿ ಮಣ್ಣಿನ ಪಟ್ಟಿ ಬಿಡಿಸಿ ಒಂದು ಕರಿಬೇವು, ಒಂದು ನುಗ್ಗೆ ನೆಡಿಸು. ಅದಕ್ಕೆ ನಿನಗೆ ಬಿಲ್ ಮಾಡಲು ಏನೂ ಸಿಗುವುದಿಲ್ಲ, ಆದರೂ ಹೇಳು.

ಅಂಗಡಿ ಕಾಂಪ್ಲೆಕ್ಸು, ಕಲ್ಯಾಣ ಮಂಟಪ, ಆಫೀಸು ಕಟ್ಟಡ ಇವುಗಳ ಕಥೆ ಬೇರೆ. ಅಲ್ಲಿ ತಾರಸಿಗಿಂತ ಪಾರ್ಕಿಂಗ್ ದೊಡ್ಡದು, ಕೆಳಗೆ ಬೇಸ್‌ಮೆಂಟ್ ಬೇರೆ. ರಸ್ತೆಯಿಂದ ಇಳಿಯುವ ರ‍್ಯಾಂಪಿನ ನೆತ್ತಿಯಲ್ಲಿ ಅರ್ಧ ಅಡಿ ಉಬ್ಬು ಕಟ್ಟಿಸು, ಬೀದಿಯ ನೀರು ಅಲ್ಲೇ ತಿರುಗಿಕೊಳ್ಳಲಿ. ರ‍್ಯಾಂಪ್ ಮುಗಿಯುವಲ್ಲಿ ಅಡ್ಡಕ್ಕೆ ಜಾಲರಿ ಚರಂಡಿ, ಅದರಿಂದ ಸಂಪಿಗೆ, ಸಂಪಿನಿಂದ ಪಂಪು. ಪಂಪು ಎರಡಿರಬೇಕು, ಎರಡಕ್ಕೂ ಜನರೇಟರಿನ ಲೈನ್ ಕೊಟ್ಟಿರಬೇಕು. ಮಳೆಗೂ ನಮ್ಮ ಕರೆಂಟಿಗೂ ಆಗಿಬರುವುದಿಲ್ಲ ಅನ್ನೋದು ಗೊತ್ತಿರುವ ವಿಷಯವೇ, ಆದರೂ ಎಷ್ಟೋ ಕಟ್ಟಡಗಳಲ್ಲಿ ಲಿಫ್ಟಿಗೆ ಜನರೇಟರ್ ಇರುತ್ತೆ, ಈ ಪಂಪಿಗೆ ಇರುವುದಿಲ್ಲ. ಬೇಸ್‌ಮೆಂಟ್ ಗೋಡೆಗೆ ಒತ್ತಿ ಇಂಗುಗುಂಡಿ ತೆಗೆಯಬೇಡ. ನೀನು ಇಂಗಿಸಿದ ನೀರು ಗೋಡೆಯಲ್ಲಿ ಒಸರುತ್ತೆ, ಪಂಪು ಅದನ್ನೇ ಮತ್ತೆ ಎತ್ತಿ ಹೊರಗೆ ಹಾಕುತ್ತೆ. ಮನೆಗಳಲ್ಲಿ ಅಡಿಪಾಯದಿಂದ ಕನಿಷ್ಠ ಹತ್ತಡಿ ದೂರ ಅಂತ ನಾನು ಪಾಲಿಸಿಕೊಂಡು ಬಂದಿದ್ದೇನೆ, ಬೇಸ್‌ಮೆಂಟ್ ಇದ್ದರೆ ಇನ್ನೂ ದೂರ. ಕಕ್ಕಸು ಗುಂಡಿ ಇದ್ದರಂತೂ ನಿವೇಶನದ ಇನ್ನೊಂದು ಮೂಲೆಗೇ ಹೋಗು.

ಮುಚ್ಚಳದ ವಿಷಯದಲ್ಲಿ ಬಾಯಿಮಾತು ನಂಬಬೇಡ. ಕಾಂಕ್ರೀಟ್ ಮುಚ್ಚಳಗಳಿಗೆ ಐಎಸ್ 12592 ಅನ್ನುವ ಮಾನಕ ಇದೆ: 2.5 ಟನ್, 10 ಟನ್, 20 ಟನ್, 35 ಟನ್ ಅಂತ ನಾಲ್ಕು ದರ್ಜೆ. ಜನ ಓಡಾಡುವ ಅಂಗಳಕ್ಕೆ ಮೊದಲನೆಯದು ಸಾಕು. ಕಾರು ನಿಲ್ಲುವ ಕಡೆ ಎರಡನೆಯದು. ನೀರಿನ ಟ್ಯಾಂಕರ್, ಅಗ್ನಿಶಾಮಕದ ಲಾರಿ ಹಾಯುವ ಕಡೆ 20 ಟನ್ನಿನದಕ್ಕಿಂತ ಕಡಿಮೆ ಹಾಕಿದರೆ ಒಂದಲ್ಲ ಒಂದು ದಿನ ಮುರಿಯುತ್ತೆ. ಬೀಡುಕಬ್ಬಿಣದ ಜಾಲರಿ ಗಟ್ಟಿ, ಆದರೆ ಗುಜರಿಯವರಿಗೂ ಅದರ ಮೇಲೆ ಆಸೆ. ಹಿಂಜ್ ಇರುವುದನ್ನೇ ತರಿಸು. ಮುಚ್ಚಳದಲ್ಲಿ ಗಾಳಿಗೆ ತೂತು ಬಿಟ್ಟರೆ ಸೊಳ್ಳೆ ಪರದೆ ಕಟ್ಟು. ಇಂಗುಗುಂಡಿಯಲ್ಲಿ ನೀರು ವಾರಗಟ್ಟಲೆ ನಿಂತಿದ್ದರೆ ಅದು ಡೆಂಗಿ ಸೊಳ್ಳೆಯ ತೊಟ್ಟಿಲು, ಆ ಗುಂಡಿ ಕೆಲಸ ಬಿಟ್ಟಿದೆ ಅನ್ನುವುದಕ್ಕೆ ಸಾಕ್ಷಿಯೂ ಹೌದು.

ಗ್ಯಾರೇಜು, ಪೆಟ್ರೋಲ್ ಬಂಕು, ಹೋಟೆಲ್ ಅಡುಗೆಮನೆ ಇರುವ ಕಡೆ ನೆಲದ ಮೇಲಿನ ನೀರನ್ನು ಇಂಗಿಸಲೇಬೇಡ. ತಾರಸಿಯದನ್ನು ಮಾತ್ರ ಇಂಗಿಸಿ, ಉಳಿದದ್ದಕ್ಕೆ ಎಣ್ಣೆ ತಡೆಯುವ ಚೇಂಬರ್ ಕೊಡು. ಬೋರ್‌ವೆಲ್ ಕೇಸಿಂಗಿಗೆ ನೇರವಾಗಿ ಪೈಪು ಇಳಿಸಿ ‘ರೀಚಾರ್ಜ್’ ಮಾಡಿಕೊಡು ಅಂತ ದುಂಬಾಲು ಬೀಳುವವರೂ ಸಿಗುತ್ತಾರೆ. ಮಣ್ಣಿನ ಮೂಲಕ ಸೋಸಿಕೊಂಡು ಇಳಿಯಬೇಕಾದ ನೀರನ್ನು ಒಂದೇ ಸಲ ಬಂಡೆಯ ಬಿರುಕಿಗೆ ನುಗ್ಗಿಸಿದರೆ ಕೊಳೆಯೂ ಜತೆಗೇ ಹೋಗುತ್ತೆ, ಒಂದು ಸಲ ಹೋದದ್ದನ್ನು ವಾಪಸು ತೆಗೆಯುವ ಉಪಾಯ ಯಾರ ಹತ್ತಿರವೂ ಇಲ್ಲ.

ಗುಂಡಿ ಎಲ್ಲೆಂದರಲ್ಲಿ ಇಂಗುತ್ತೆ ಅನ್ನೋ ನಂಬಿಕೆಯೂ ಬೇಡ. ನಮ್ಮ ಕೆಂಪು ಮಣ್ಣು, ಅದರ ಕೆಳಗಿನ ಕೊಳೆತ ಕಲ್ಲಿನ ಪದರ ಚೆನ್ನಾಗಿ ಕುಡಿಯುತ್ತವೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳು ತೆಗೆದಾಗ ಮತ್ತೆ ನೀರು ಬಂತು, ನೀನೇ ಪೇಪರಿನಲ್ಲಿ ಓದಿರುತ್ತೀಯ. ಆದರೆ ಈ ಊರಿನಲ್ಲಿ ಕೆರೆ ಮುಚ್ಚಿ ಕಟ್ಟಿದ ಜಾಗ ಎಷ್ಟಿದೆ ನೋಡು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಅಂಥ ಬಡಾವಣೆಗಳಲ್ಲಿ ಕೆಳಗೆ ಜೇಡಿಮಣ್ಣು, ಮೇಲೆ ಕಟ್ಟಡ ಒಡೆದ ತ್ಯಾಜ್ಯದ ಭರ್ತಿ. ಇಪ್ಪತ್ತಡಿ ಅಗೆದು ಹತ್ತನೆಯ ಅಡಿಗೇ ನೀರು ಕಂಡರೆ ಅದು ಇಂಗುಗುಂಡಿಯಲ್ಲ, ಬಾವಿ. ಮೊದಲು ಒಂದಡಿಯ ಚಿಕ್ಕ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯಿತು ಅಂತ ಸ್ಕೇಲಿಟ್ಟು ನೋಡು. ಇಳಿಯದಿದ್ದರೆ ಮಾಲೀಕರ ದುಡ್ಡು ಮಣ್ಣಿಗೆ ಹಾಕಿಸಬೇಡ. ದೊಡ್ಡ ತೊಟ್ಟಿ ಕಟ್ಟಿ ನೀರು ಕೂಡಿಡಲಿ.

ನಿನ್ನ ಸ್ನೇಹಿತೆ ಮಲೆನಾಡಿನ ಕೊಪ್ಪದಲ್ಲೂ ಒಂದು ಕೆಲಸ ಇದೆ ಅಂದಳಂತೆ. ಅಲ್ಲಿ ನಮ್ಮ ಬಯಲುಸೀಮೆಯ ಬುದ್ಧಿ ಓಡಿಸಬೇಡ. ಮನೆಯ ಹಿಂದಿನ ದರೆಯ ಮೇಲೆ ಇಂಗುಗುಂಡಿ ತೆಗೆದರೆ ನೀರು ಕುಡಿದ ಮಣ್ಣು ಭಾರವಾಗಿ ಮನೆ ಮೇಲೇ ಜಾರುತ್ತೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಟಿವಿಯಲ್ಲಿ ನೋಡಿದ್ದೀಯ. ಮಲೆನಾಡಿನ ಇಳಿಜಾರಿನಲ್ಲಿ ನೀರನ್ನು ಹಿಡಿಯುವುದಕ್ಕಿಂತ ಬೇಗ ದಾಟಿಸುವುದೇ ಕ್ಷೇಮ: ದರೆಯ ನೆತ್ತಿಯಲ್ಲಿ ಅಡ್ಡ ಕಾಲುವೆ ತೆಗೆದು ಮನೆ ಬಳಸಿಕೊಂಡು ಹಳ್ಳಕ್ಕೆ ಬಿಡುವುದು. ಅಲ್ಲಿನ ಹಿರಿಯರಿಗೆ ಗೊತ್ತಿರುವ ಕೆಲಸ, ಅವರ ಮಾತು ಕೇಳು.

ಇನ್ನು ಅಗೆಯುವವರು. ಸರ್ಜಾಪುರದ ಕಡೆಯ ಮಣ್ಣುವಡ್ಡರು ತಲೆತಲಾಂತರದಿಂದ ಬಾವಿ ತೋಡಿಕೊಂಡು ಬಂದವರು. ನಾಲ್ಕಡಿ ಇಳಿದ ಮೇಲೆ ಮಣ್ಣಿನ ಬಣ್ಣ ನೋಡಿ, ಹಾರೆಯ ಸದ್ದು ಕೇಳಿ ಕೆಳಗೆ ಏನಿದೆ ಅನ್ನುತ್ತಾರೆ. ನೀನು ಇಂಜಿನಿಯರ್ ಅಂತ ಅವರ ಮುಂದೆ ಹೆಚ್ಚು ಮಾತಾಡಬೇಡ. ‘ಅಣ್ಣಾ, ಇಲ್ಲಿ ಇಳಿಯಬಹುದಾ?’ ಅಂತ ಕೇಳು. ಇಳಿಯಬಾರದು ಅಂದರೆ ಬೇಡ. ಆದರೆ ಒಂದು ವಿಷಯದಲ್ಲಿ ಅವರ ಧೈರ್ಯವನ್ನು ನಂಬಬೇಡ, ಅದು ಮಣ್ಣು ಕುಸಿಯುವ ವಿಷಯ. ಭರ್ತಿ ಮಣ್ಣಿದ್ದರೆ ಪೂರ್ತಿ ಅಗೆದು ಆಮೇಲೆ ರಿಂಗು ಇಳಿಸುವುದಲ್ಲ. ರಿಂಗಿಟ್ಟು, ಅದರೊಳಗಿಂದಲೇ ಮಣ್ಣು ತೆಗೆಯುತ್ತ ರಿಂಗನ್ನು ಇಳಿಸಿಕೊಂಡು ಹೋಗಬೇಕು. ತೆಗೆದ ಮಣ್ಣನ್ನು ಬಾಯಿಗೆ ಒತ್ತಿ ರಾಶಿ ಹಾಕಲು ಬಿಡಬೇಡ. ಕೆಳಗೆ ಒಬ್ಬರಿದ್ದರೆ ಮೇಲೆ ಇಬ್ಬರು, ಸೊಂಟಕ್ಕೆ ಹಗ್ಗ, ತಲೆಗೆ ಹೆಲ್ಮೆಟ್. ಹಗ್ಗ ಬೇಡ ಅಂತ ಅವರೇ ಅನ್ನುತ್ತಾರೆ, ಕಟ್ಟದೆ ಇಳಿಸಬೇಡ.

ಮುಚ್ಚಿಟ್ಟ ಹಳೇ ಗುಂಡಿ ತೆರೆದ ದಿನ ಯಾರನ್ನೂ ಇಳಿಸಬೇಡ. ದೀಪ ಇಳಿಸಿ ನೋಡಿದೆ, ಆರಲಿಲ್ಲ ಅನ್ನುವ ಹಳೇ ಪರೀಕ್ಷೆಯಿಂದ ವಿಷಗಾಳಿ ತಿಳಿಯುವುದಿಲ್ಲ. ಗಾಳಿ ಊದುವ ಬ್ಲೋವರ್ ಬಾಡಿಗೆಗೆ ಸಿಗುತ್ತೆ, ಗ್ಯಾಸ್ ಅಳೆಯುವ ಮೀಟರೂ ಸಿಗುತ್ತೆ. ಕಕ್ಕಸು ಗುಂಡಿಗೋ ಯುಜಿಡಿಗೋ ‘ಒಂಚೂರು ಇಳಿದು ನೋಡಪ್ಪ’ ಅಂತ ಮಾಲೀಕರು ನಿನ್ನ ಆಳಿಗೆ ಐನೂರು ರೂಪಾಯಿ ತೋರಿಸಿದರೆ ಅಲ್ಲೇ ಅಡ್ಡ ನಿಲ್ಲು, ಅದಕ್ಕೆ ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆಯ ನಿಷೇಧ ಇದೆ, ಜೈಲೂ ಇದೆ.

ಅಗೆತವನ್ನು ಏಪ್ರಿಲ್ಲಿನ ಮಳೆಗೆ ಮುಂಚೆ ಮುಗಿಸುವುದು ಒಳ್ಳೆಯದು, ಯುಗಾದಿಗೆ ಹೊಂಗೆ ಮರಗಳು ಎಲೆ ಉದುರಿಸಿ ಮುಗಿಸಿರುತ್ತವೆ, ತಾರಸಿ ಗುಡಿಸಿ ಪೈಪು ಜೋಡಿಸಲು ಸರಿಯಾದ ಕಾಲ. ನಿನ್ನ ಈ ಕೆಲಸ ಆಗಸ್ಟಿಗೆ ಬಂದಿದೆ, ಏನು ಮಾಡುವುದು. ರಾತ್ರಿ ಮಳೆ ಬಿದ್ದರೆ ಮಾರನೆಯ ದಿನ ಅಗೆತ ಬೇಡ, ಆಳುಗಳಿಗೆ ಅರ್ಧ ಕೂಲಿ ಕೊಟ್ಟು ಕಳಿಸು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು, ಇವತ್ತೇ ಮುಗಿಯಬೇಕು ಅಂತ ಮನೆಯವರು ಕೂತರೆ ನನ್ನ ನಂಬರು ಕೊಡು, ನಾನು ಮಾತಾಡುತ್ತೇನೆ.